ತಾರಸಿಯಿಂದ ಇಳಿದ ಕಂದು ನೀರು

ಹೋದ ವರ್ಷ ಗೌರಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ, ತುಮಕೂರಿನಲ್ಲಿ ನಾವು ಬಾಡಿಗೆಗಿರುವ ಮನೆಯ ಮುಂದಿನ ಗೋಡೆಯಲ್ಲಿ ತಾರಸಿಯಿಂದ ಕೆಳಗಿನವರೆಗೆ ಕಂದು ನೀರು ಇಳಿದ ಕಲೆ ಕಾಣಿಸಿತು. ಹಬ್ಬಕ್ಕೆಂದು ಆ ಗೋಡೆಗೆ ಓನರಮ್ಮ ಆಗಷ್ಟೇ ಬಿಳಿ ಬಣ್ಣ ಹೊಡೆಸಿದ್ದರು.

ಕೆಳಗಿನ ಮನೆಯಲ್ಲಿ ಓನರಮ್ಮ ಇದ್ದಾರೆ. ಮೇಲಿನ ಮನೆಯಲ್ಲಿ ನಾವಿಬ್ಬರು, ಅದರ ಮೇಲೆ ತಾರಸಿ. ಅಲ್ಲಿ ಕುಂಡ ಇಡಲು ಅವರು ಒಂದು ಷರತ್ತಿನ ಮೇಲೆ ಒಪ್ಪಿದ್ದರು: ಎಲ್ಲಾದರೂ ನೀರು ಜಿನುಗಿದರೆ ಎಲ್ಲವನ್ನೂ ತೆಗೆಯಬೇಕು. ನನ್ನ ಹೆಂಡತಿಗೆ ಅದು ಸಣ್ಣ ಮಾತಾಗಿರಲಿಲ್ಲ. ಕುಣಿಗಲ್ಲಿನ ತವರುಮನೆಗೆ ಹಿತ್ತಲಿತ್ತು. ಅಲ್ಲಿ ಅವಳು ಸೊಪ್ಪು ಕಿತ್ತಿದ್ದಳೇ ಹೊರತು ಒಂದು ಬೀಜವನ್ನೂ ಊರಿರಲಿಲ್ಲ. ಒಂದು ಗಿಡವನ್ನಾದರೂ ತಾನೇ ಬೆಳೆಸಬೇಕೆಂದು ಐವತ್ತು ದಾಟಿದ ಮೇಲೆ ಹಟ ಹಿಡಿದಿದ್ದಳು. ನಾವು ಹಿಂದೆ ಇದ್ದ ಬಾಡಿಗೆ ಮನೆಗಳಲ್ಲಿ ತಾರಸಿಗೆ ಬೀಗ ಹಾಕಿರುತ್ತಿದ್ದರು.

ಕುಂಡಕ್ಕೆ ತೆಂಗಿನ ನಾರಿನ ಪುಡಿ ತುಂಬುವ ಸಲಹೆ ಅವಳ ತಮ್ಮನದು. ಗುಬ್ಬಿಯಲ್ಲಿ ಕೆಲಸ, ನಿಟ್ಟೂರಿನ ಪಕ್ಕದಲ್ಲಿ ತೆಂಗಿನ ತೋಟ.

"ಬರೀ ಮಣ್ಣು ತುಂಬಿದ್ರೆ ತಾರಸಿಗೆ ಭಾರ, ಭಾವ. ನಾರಿನ ಪುಡಿ ಹಾಕಿ, ಹತ್ತಿ ಇದ್ದಂಗಿರ್ತದೆ" ಎಂದ.

"ಅಂಗಡೀಲಿ ಕೋಕೋಪೀಟ್ ಇಟ್ಟಿಗೆ ಸಿಗುತ್ತಲ್ಲ" ಎಂದೆ.

"ನಮ್ಮೂರಲ್ಲಿ ರಸ್ತೆ ಪಕ್ಕ ಗುಡ್ಡೆ ಬಿದ್ದಿರೋದನ್ನೇ ಒತ್ತಿ, ಪ್ಲಾಸ್ಟಿಕ್ ಸುತ್ತಿ ಮಾರ್ತಾರೆ. ತೆಂಗಿನ ಸೀಮೆಯೋರು ಅದನ್ನ ಅಂಗಡೀಲಿ ತಗೊಂಡ್ರೆ ಜನ ನಗ್ತಾರೆ, ಸುಮ್ನಿರಿ."

ಮರುದಿನ ನಾರಿನ ಫ್ಯಾಕ್ಟರಿಯಿಂದ ನೇರವಾಗಿ ಮೂಟೆ ಕಟ್ಟಿಸಿ ಸ್ಕೂಟರಿನಲ್ಲಿ ತಂದ. ಹಸಿಹಸಿಯಾಗಿತ್ತು, ಕೆಂಪಗಿತ್ತು. ನನ್ನ ಹೆಂಡತಿ ಕುಂಡಗಳ ತುಂಬ ಅದನ್ನೇ ತುಂಬಿ ಮೆಂತ್ಯ, ದಂಟು, ಟೊಮೇಟೊ ಬಿತ್ತಿದಳು. ಮೆಂತ್ಯ ಮೊಳೆಯಿತು, ಎಲೆಯ ಅಂಚು ಸುಟ್ಟಂತಾಗಿ ಮಲಗಿತು. ದಂಟು ಏಳಲೇ ಇಲ್ಲ. ಸಾಲದೇನೋ ಎಂದು ನೀರು ಹೆಚ್ಚು ಹಾಕಿದಳು. ಆ ನೀರೇ ಮಳೆನೀರಿನ ಕೊಳವೆಯಿಂದ ಗೋಡೆಗೆ ಇಳಿದಿತ್ತು.

ಓನರಮ್ಮ ಮೆಟ್ಟಿಲ ಬುಡದಲ್ಲಿ ನಿಂತು ನನ್ನ ಹೆಂಡತಿಯನ್ನು ಕರೆದರು. "ನೋಡಮ್ಮ ಇಲ್ಲಿ. ಯಾರೋ ನನ್ನ ಗೋಡೆಗೆ ಎಲೆಅಡಿಕೆ ಉಗಿದಂಗೈತೆ."

"ತಾರಸಿ ಸೋರಿಲ್ಲ ಅಮ್ಮ, ಪೈಪಿಂದ ಬಂದಿರೋದು."

"ಎಲ್ಲಿಂದ ಬಂತು ಅಂತ ನೆಂಟರು ಕೇಳ್ತಾರಾ? ದೀಪಾವಳಿವರ್ಗೂ ನೋಡ್ತೀನಿ. ಇನ್ನೊಂದು ಗೆರೆ ಕಂಡ್ರೆ ಕುಂಡ ಎಲ್ಲ ಕೆಳಗೆ."

ಹಬ್ಬ ಮುಗಿದ ಮೇಲೆ ನನ್ನ ಹೆಂಡತಿ ಒಂದು ಬಕೆಟ್ಟಿನಲ್ಲಿ ಆ ಪುಡಿಯನ್ನು ನೆನೆಹಾಕಿದಳು. ಬೆಳಗಾಗುವಷ್ಟರಲ್ಲಿ ನೀರು ಕಪ್ಪಗಾಗಿತ್ತು. ತಮ್ಮನಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದಳು.

"ನೀನು ತಂದಿದ್ದು ಗಿಡಕ್ಕೇನೋ, ಡಿಕಾಕ್ಷನ್‌ಗೇನೋ?"

"ಅಂಗಡಿಯೋರು ತೊಳೆದು ಮಾರ್ತಾರಂತೆ ಅಕ್ಕ. ಇವತ್ತು ಗೊತ್ತಾಯ್ತು."

"ಹಂಗಾದ್ರೆ ಭಾನುವಾರ ಬಾ. ನೀನೇ ತೊಳಿ."

ಬಂದ. ಹೊಸ ನಾರಿನ ಪುಡಿಯಲ್ಲಿ ಉಪ್ಪೂ ಒಗರೂ ಇರುತ್ತವೆ, ಎಳೆಯ ಬೇರಿಗೆ ಅದು ಆಗುವುದಿಲ್ಲ. ಗೋಣಿಚೀಲಕ್ಕೆ ತುಂಬಿ ನೆನೆಸುವುದು, ಹಿಂಡುವುದು, ಮತ್ತೆ ನೆನೆಸುವುದು; ನೀರು ತಿಳಿಯಾಗುವವರೆಗೆ ಅಕ್ಕ ತಮ್ಮ ಇಬ್ಬರೂ ಅದೇ ಕೆಲಸ ಮಾಡಿದರು. ನೀರನ್ನು ಹಿಂದಿನ ಬಚ್ಚಲಿಗೆ ಹೊತ್ತು ಚೆಲ್ಲುವ ಕೆಲಸ ನನ್ನದಾಯಿತು.

ಆಮೇಲೆ ಕುಣಿಗಲ್ಲಿನ ಹಿತ್ತಲಿನಿಂದ ಕೆಮ್ಮಣ್ಣು ಬಂತು. ತೊಳೆದ ಪುಡಿ, ಮಣ್ಣು, ಹಳೆಯ ಸಗಣಿಗೊಬ್ಬರ ಮೂರನ್ನೂ ಸಮನಾಗಿ ಬೆರೆಸಿ, ಮೇಲೆ ಬೇವಿನ ಹಿಂಡಿ ಉದುರಿಸಿದಳು. ಕುಂಡದ ತೂತಿನ ಮೇಲೆ ಹೆಂಚಿನ ಚೂರು, ಕುಂಡದಡಿ ತಟ್ಟೆ, ತಟ್ಟೆಯಡಿ ಇಟ್ಟಿಗೆ. ಹೀಗಿಟ್ಟರೆ ನೀರು ತಾರಸಿಗೆ ಇಳಿಯುವುದಿಲ್ಲ, ಇಳಿದರೂ ಕಣ್ಣಿಗೆ ಬೀಳುತ್ತದೆ. ಎಲ್ಲವನ್ನೂ ಮತ್ತೆ ಬಿತ್ತಿದಳು, ಈ ಸಲ ಅವರೆಯನ್ನೂ ಸೇರಿಸಿ. ಮೆಂತ್ಯದಂಥ ಸಣ್ಣ ಬೀಜದ ಮೇಲೆ ತೆಳ್ಳಗೆ ಮಣ್ಣು ಉದುರಿಸಿದರೆ ಸಾಕು. ಅವರೆಯಂಥದ್ದನ್ನು ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಊರಬೇಕು. ನೀರು ಹಾಕುವ ಮೊದಲು ಮಣ್ಣಿಗೆ ಬೆರಳಿಟ್ಟು ನೋಡುವುದನ್ನು ಅವಳು ರೂಢಿ ಮಾಡಿಕೊಂಡಳು. ತೇವ ತಾಗಿದರೆ ಆ ದಿನ ನೀರಿಲ್ಲ. ಹೊಸಬರ ಗಿಡಗಳು ಬಾಯಾರಿ ಸಾಯುವುದಕ್ಕಿಂತ ಹೆಚ್ಚಾಗಿ ನೀರು ಕುಡಿದು ಸಾಯುತ್ತವೆ ಎಂಬುದು ನಾನು ನೋಡಿ ತಿಳಿದದ್ದು.

ದಂಟು ಎದ್ದ ದಿನ ಅವಳು ನನ್ನನ್ನು ಮೇಲಕ್ಕೆ ಕರೆದಳು. ಬೆಳಗಿನ ಕಾಫಿಯನ್ನು ಅಂದಿನಿಂದ ತಾರಸಿಯಲ್ಲೇ ಕುಡಿಯತೊಡಗಿದಳು.

ಹಿಂಗಾರು ಜೋರಾಗಿಯೇ ಬಂತು. ಓನರಮ್ಮ ಏನಾದರೂ ನೆಪ ಮಾಡಿಕೊಂಡು ನಮ್ಮ ಅಡುಗೆಮನೆಗೆ ಬರುತ್ತಿದ್ದರು. ಮೊದಲು ಮೇಲೆ ಸೀಲಿಂಗ್ ನೋಡಿ, ಆಮೇಲೆ ನಮ್ಮ ಮುಖ ನೋಡುತ್ತಿದ್ದರು. ಸೀಲಿಂಗ್ ಒಣಗಿಯೇ ಇತ್ತು. ದೀಪಾವಳಿಯ ಹಿಂದಿನ ದಿನ ತಾರಸಿ ಹತ್ತಿ ಒಂದೊಂದೇ ತಟ್ಟೆ ಎತ್ತಿ ನೋಡಿದರು. ಗೋಡೆಯ ಮೇಲೆ ಹೊಸ ಗೆರೆ ಇರಲಿಲ್ಲ.

"ಇರ್ಲಿ ಬುಡು" ಎಂದರು. ಕೆಳಗಿಳಿಯುವಾಗ ಮತ್ತೆ ನಿಂತು, "ಆ ದಂಟು ಬಲಿತ್ರೆ ನಾರಾಯ್ತದೆ. ಎಳೇದ್ರಲ್ಲೇ ಕೀಳು" ಎಂದರು. ಅವಳು ಆಗಲೇ ಒಂದು ಕಟ್ಟು ಕಿತ್ತು ಅವರ ಕೈಗೆ ಕೊಟ್ಟಳು.

ಸಂಕ್ರಾಂತಿಗೆ ಅವರೆಕಾಯಿ ಒಂದು ಹೊತ್ತಿನ ಸಾರಿಗಾಗುವಷ್ಟು ಬಿಟ್ಟಿತು. ಟೊಮೇಟೊ ಎಲೆ ಮುದುಡಿಕೊಂಡು ಹೋಯಿತು. ಕಾರಣ ಇನ್ನೂ ತಿಳಿದಿಲ್ಲ. ಕಳೆದ ಭಾನುವಾರ ಓನರಮ್ಮ ಪ್ಲಂಬರ್ ಕರೆಸಿ ತಾರಸಿಗೆ ಒಂದು ನಲ್ಲಿ ಹಾಕಿಸಿದರು.