ನಾನು ಓದದೆ ಬಿಟ್ಟ ವಾಕ್ಯ

ಆಲಮೇಲದಲ್ಲಿ ನಾನು ಪಾಠ ಹೇಳುವ ಪ್ರೌಢಶಾಲೆಯಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವ ಕೆಲಸ ಯಾರಿಗೂ ಬೇಡ. ಆದಾಯದ ದಾಖಲೆ ಇದ್ದವರ ಹತ್ತಿರ ಫೋಟೊ ಇರುವುದಿಲ್ಲ, ಫೋಟೊ ಇದ್ದವರ ಹತ್ತಿರ ಪಾಸ್‌ಬುಕ್ ಇರುವುದಿಲ್ಲ, ಎರಡೂ ಇದ್ದವರು ಬರುವಷ್ಟರಲ್ಲಿ ಕೊನೆಯ ದಿನ ಮುಗಿದಿರುತ್ತದೆ. ಆ ತಲೆನೋವನ್ನು ನಾನಾಗಿಯೇ ಮೈಮೇಲೆ ಎಳೆದುಕೊಂಡೆ. ನನಗೆ ಬಡಮಕ್ಕಳ ಮೇಲೆ ಬಹಳ ಕರುಣೆ ಎಂದು ಜೊತೆಯ ಶಿಕ್ಷಕರು ತಿಳಿದಿದ್ದಾರೆ. ನಾನೂ ಅವರನ್ನು ತಿದ್ದಲು ಹೋಗಿಲ್ಲ. ಬಿಟ್ಟಿ ಸಿಗುವ ಹೊಗಳಿಕೆ ಯಾರಿಗೆ ಬೇಡ? ಆದರೆ ಅದು ಕರುಣೆಯಲ್ಲ. ಹಿಂದೊಮ್ಮೆ ಇಂಥದೇ ಒಂದು ಅರ್ಜಿಯಿಂದ ನನ್ನ ಗೆಳತಿಯ ಓದನ್ನು ನಾನು ನಿಲ್ಲಿಸಿದ್ದೇನೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮೋರಟಗಿ ಕಡೆಯ ನಮ್ಮ ಹಳ್ಳಿಯಿಂದ ಸಿಂದಗಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದ ಹುಡುಗಿಯರು ಇಬ್ಬರೇ, ನಾನು ಮತ್ತು ಅವಳು. ನಮ್ಮದು ಜಮೀನ್ದಾರ ಗೌಡರ ಮನೆ. ಬಾವಿಯ ಕೆಳಗೆ ಕಬ್ಬು, ಉಳಿದ ಕಪ್ಪು ಮಣ್ಣಿನ ಎರಿ ಹೊಲದಲ್ಲಿ ಜೋಳ, ತೊಗರಿ. ಅವಳ ಅಪ್ಪ ಕುರಿ ಸಾಕುತ್ತಿದ್ದ. ಸುಗ್ಗಿ ಮುಗಿದ ಮೇಲೆ ನಮ್ಮ ಹೊಲದಲ್ಲಿ ಅವನ ಕುರಿ ತರುಬುತ್ತಿದ್ದರು. ರಾತ್ರಿಯೆಲ್ಲ ಕುರಿ ಅಲ್ಲಿಯೇ ಮಲಗಿ ನೆಲಕ್ಕೆ ಗೊಬ್ಬರವಾಗುತ್ತಿತ್ತು, ಅದಕ್ಕೆ ಪ್ರತಿಯಾಗಿ ನಾವು ಅವನಿಗೆ ಜೋಳ ಕೊಡುತ್ತಿದ್ದೆವು. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ.

ಬಿ.ಎ. ಮೊದಲ ವರ್ಷದಲ್ಲಿ ಕಾಲೇಜಿನ ಫಲಕದ ಮೇಲೆ ಒಂದು ನೋಟೀಸು ಬಿತ್ತು. ಬಡ ವಿದ್ಯಾರ್ಥಿಗಳಿಗೆ ಓದು ಮುಗಿಯುವ ತನಕ ಸರಕಾರ ಬಡ್ಡಿಯಿಲ್ಲದ ಸಾಲ ಕೊಡುತ್ತದೆ, ನೌಕರಿ ಸಿಕ್ಕ ಮೇಲೆ ತೀರಿಸಿದರಾಯಿತು. ಜಾತಿ ಕೇಳುವುದಿಲ್ಲ, ಆದಾಯ ಮತ್ತು ಅಂಕ ಎರಡನ್ನೇ ನೋಡುತ್ತಾರೆ. ಆ ವರ್ಷ ನಮ್ಮ ಕಾಲೇಜಿಗೆ ಬಂದದ್ದು ಒಂದೇ ಒಂದು. ಪಿಯುಸಿಯಲ್ಲಿ ಅವಳಿಗಿಂತ ನನಗೆ ಹನ್ನೊಂದು ಅಂಕ ಹೆಚ್ಚು ಬಂದಿದ್ದವು. ನಮ್ಮಿಬ್ಬರನ್ನು ಬಿಟ್ಟರೆ ಉಳಿದವರು ಬಹಳ ಹಿಂದಿದ್ದರು. ಅಂದರೆ ನಾನು ಅರ್ಜಿ ಹಾಕದಿದ್ದರೆ ಅದು ಅವಳದು. ಇದು ಆಗ ನನಗೆ ಹೊಳೆಯಲಿಲ್ಲ ಎಂದು ಹೇಳಿಕೊಂಡು ಕೆಲವು ವರ್ಷ ಕಳೆದೆ. ಸುಳ್ಳು. ನೋಟೀಸು ಓದಿದ ಕೂಡಲೇ ಹೊಳೆದಿತ್ತು. ಹಣ ಬಂದರೆ ಮಾತ್ರ ಮುಂದಿನ ವರ್ಷ ಕಾಲೇಜು ಎಂದು ಅವಳ ಮನೆಯಲ್ಲಿ ಮಾತಾಗಿದ್ದೂ ನನಗೆ ಗೊತ್ತಿತ್ತು. ಅವಳೇ ಬಸ್ಸಿನಲ್ಲಿ ಹೇಳಿದ್ದಳು.

ನಾನು ಮನೆಗೆ ಹೋಗಿ ಅಪ್ಪನ ಮುಂದೆ ವಿಷಯ ತೆಗೆದೆ. ಬೇಡ ಎನ್ನುತ್ತಾನೆ, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆನೋ ಏನೋ. ಅಪ್ಪ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಲೂ ಇಲ್ಲ.

“ಸರಕಾರದ ರೊಕ್ಕ, ಯಾರಾರ ತಿನ್ನಾವ್ರ. ನಾವ ತಿಂದ್ರ ಏನಾತು?” ಎಂದ.

ಆದಾಯದ ದಾಖಲೆಗೆ ಪಂಚನಾಮೆ ಆಗಬೇಕಿತ್ತು. ಇಂಥವರ ಆದಾಯ ಇಷ್ಟೇ ಎಂದು ಹಳ್ಳಿಯ ಕಂದಾಯ ನೋಡುವ ತಲಾಠಿ ಊರಲ್ಲಿ ಕುಳಿತು ಬರೆಯಬೇಕು, ಊರಿನ ಇಬ್ಬರು ಪಂಚರು ಸಾಕ್ಷಿಯಾಗಿ ಅದಕ್ಕೆ ಸಹಿ ಹಾಕಬೇಕು. ಓದು ಬಾರದವರಾದರೆ ಬರೆದದ್ದನ್ನು ಅವರಿಗೆ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಬೇಕು. ಒಂದು ಬೆಳಿಗ್ಗೆ ತಲಾಠಿ ನಮ್ಮ ಪಡಸಾಲೆಗೆ ಬಂದ. ಅವ್ವ ಒಗ್ಗರಣೆ ಹಾಕಿದ ಅವಲಕ್ಕಿ ಕೊಟ್ಟಳು. ಅವನು ಎರಡನೇ ಸಲ ಹಾಕಿಸಿಕೊಳ್ಳುವಷ್ಟರಲ್ಲಿ ನಾವು ಬಡವರಾಗಿದ್ದೆವು. ಪಂಚರಲ್ಲಿ ಒಬ್ಬ ನಮ್ಮ ದೊಡ್ಡಪ್ಪನ ಮಗ. ಇನ್ನೊಬ್ಬ ಬೀಗನೋ ನೆಂಟನೋ ಆಗಿರಬಾರದು ಎಂದು ತಲಾಠಿ ಹೇಳಿದ. ಅಪ್ಪ ಹೊಲದಲ್ಲಿ ಕುರಿ ತರುಬಿದ್ದ ಕಾಕಾನಿಗೆ ಹೇಳಿ ಕಳಿಸಿದ. ಕಾಕಾ ಕೈ ಒರೆಸಿಕೊಳ್ಳುತ್ತ ಬಂದ. ಕುರಿಗಳಿಗೆ ನಮ್ಮ ಬಾವಿಯ ನೀರು ಕುಡಿಸಿ ಬಂದೆ, ಅದಕ್ಕೇ ತಡವಾಯಿತು ಎಂದು ಅಪ್ಪನಿಗೆ ಹೇಳಿದ.

ತಲಾಠಿ ಕಾಗದವನ್ನು ನನ್ನ ಕಡೆ ಚಾಚಿದ.

“ಕಾಲೇಜಿಗೆ ಹೋಗಾಕಿ ನೀನ ಇದ್ದೀ. ನೀನ ಓದಿ ಹೇಳವ್ವಾ.”

ನಾನು ಓದತೊಡಗಿದೆ. ಅಪ್ಪನ ಹೆಸರು, ಊರು, ಒಣಬೇಸಾಯದ ಹೊಲದ ಸರ್ವೆ ನಂಬರು. ಆಮೇಲೆ ಆ ವಾಕ್ಯ ಬಂತು: ಸದರಿಯವರಿಗೆ ಬಾವಿಯಾಗಲಿ ನೀರಾವರಿ ಜಮೀನಾಗಲಿ ಇರುವುದಿಲ್ಲ ಎಂದು ನಾವು ಪಂಚರು ಖುದ್ದು ಬಲ್ಲೆವು. ನನ್ನ ಎದುರಿಗೆ ನೆಲದ ಮೇಲೆ ಕುಳಿತಿದ್ದ ಕಾಕಾನ ಧೋತರದ ಅಂಚು ಅದೇ ಬಾವಿಯ ನೀರಿನಿಂದ ಇನ್ನೂ ಹಸಿಯಾಗಿತ್ತು. ಆ ವಾಕ್ಯವನ್ನು, ಅದರ ಹಿಂದೆಯೇ ಇದ್ದ ಆದಾಯದ ಮೊತ್ತವನ್ನು ಬಿಟ್ಟು, ಕೊನೆಯಲ್ಲಿದ್ದ ‘ಓದಿ ಹೇಳಿದ್ದನ್ನು ಕೇಳಿ ಒಪ್ಪಿರುತ್ತೇವೆ’ ಎಂಬಲ್ಲಿಗೆ ಜಿಗಿದೆ.

“ಅಷ್ಟನ?” ಎಂದು ಕಾಕಾ ಕೇಳಿದ.

“ಅಷ್ಟ, ಕಾಕಾ.”

ಅವನು ಹೆಬ್ಬೆಟ್ಟು ಒತ್ತಿದ. ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡ. ನಮ್ಮ ಹುಡುಗಿಯದೂ ಇಂಥದೇ ಇದೆಯಂತೆ, ನಾಳೆ ಬರೆದುಕೊಡಿ ಎಂದು ತಲಾಠಿಗೆ ಕೈ ಮುಗಿದು ಹೊರಟ. ಅಪ್ಪ ಅವನಿಗೆ ಚಹಾ ಕೊಡಿಸಿದನೋ ಇಲ್ಲವೋ ನೆನಪಿಲ್ಲ. ಕೊಡಿಸಿದ್ದರೆ ಒಳ್ಳೆಯದಿತ್ತು.

ಪಟ್ಟಿಯಲ್ಲಿ ನನ್ನ ಹೆಸರು ಬಂತು. ಅವಳು ಫಲಕದ ಮುಂದೆ ನಿಂತು ಮೇಲಿನಿಂದ ಕೆಳಗೆ ಎರಡು ಸಲ ನೋಡಿದಳು. ನನ್ನ ಕಡೆ ತಿರುಗಿ, ಛಲೋ ಆತು ಎಂದಳು. ಮೊದಲ ಕಂತು ಬಂದಾಗ ಅಪ್ಪ ಸಿಂದಗಿಯ ಅಂಗಡಿಯಲ್ಲಿ ನನಗೆ ಕೈಗಡಿಯಾರ ಕೊಡಿಸಿದ. ಓದಿಗೆ ಕೊಟ್ಟ ಹಣ ನಮಗೆ ಬೇರೆ ಯಾವುದಕ್ಕೂ ಬೇಕಿರಲಿಲ್ಲ. ಆ ಗಡಿಯಾರ ಕಟ್ಟಿಕೊಂಡು ಉಳಿದ ತಿಂಗಳುಗಳೆಲ್ಲ ನಾನು ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕುಳಿತೆ. ಅವಳು ಆಗಾಗ ನನ್ನ ಮಣಿಕಟ್ಟು ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಎಷ್ಟಾಯಿತೆಂದು ನೋಡುತ್ತಿದ್ದಳು. ಸಜ್ಜಿ ರೊಟ್ಟಿಯಲ್ಲಿ ಅರ್ಧ ಮುರಿದು ನನಗೆ ಕೊಡುತ್ತಿದ್ದಳು. ಅವಳಿಗೆ ಏನೂ ಗೊತ್ತಿಲ್ಲ ಎಂದು ನಾನು ನಿಶ್ಚಿಂತಳಾಗಿದ್ದೆ, ಅಷ್ಟು ದಡ್ಡಿ. ಮರುವರ್ಷ ಜೂನಿನಲ್ಲಿ ನಾನು ಒಬ್ಬಳೇ ಬಸ್ಸು ಹತ್ತಿದೆ. ಅವಳನ್ನು ಇಂಡಿ ಕಡೆಯ ಹಳ್ಳಿಗೆ, ಕುರಿಯವರ ಮನೆಗೇ ಮದುವೆ ಮಾಡಿ ಕೊಟ್ಟರು. ಮದುವೆಗೆ ನಾನು ಹೋಗಲಿಲ್ಲ. ಪರೀಕ್ಷೆ ಎಂದು ಹೇಳಿಸಿದೆ. ಪರೀಕ್ಷೆ ಇರಲಿಲ್ಲ.

ನಾನು ಓದಿ ಮುಗಿಸಿದೆ, ಶಿಕ್ಷಕಿಯಾದೆ. ಸರಕಾರದ ಸಾಲವನ್ನು ಸಂಬಳದಲ್ಲಿ ತೀರಿಸಿದೆ.

ಆ ಪಂಚನಾಮೆಯಾದ ಹದಿನೈದು ವರ್ಷಗಳ ಮೇಲೆ ಒಂದು ಮಧ್ಯಾಹ್ನ, ಅರ್ಜಿಗಳ ಕಟ್ಟು ಹರಡಿಕೊಂಡು ಕುಳಿತಿದ್ದಾಗ ಕಾಕಾ ನನ್ನ ಮುಂದೆ ಬಂದು ನಿಂತ. ಕಣ್ಣು ಮಂಜಾಗಿದ್ದವು, ಕೈಗೆ ಊರುಗೋಲು ಬಂದಿತ್ತು. ಪಕ್ಕದಲ್ಲಿ ನಮ್ಮದೇ ಶಾಲೆಗೆ ಅದೇ ವರ್ಷ ಸೇರಿದ್ದ ಹುಡುಗಿ. ಒಂದು ತಿಂಗಳಿಂದ ನನ್ನ ತರಗತಿಯಲ್ಲಿ ಎರಡನೇ ಬೆಂಚಿನಲ್ಲಿ ಕುಳಿತಿದ್ದವಳು ನನ್ನ ಗೆಳತಿಯ ಮಗಳು ಎಂದು ನನಗೆ ಆಗಲೇ ತಿಳಿದದ್ದು. ಹುಡುಗಿಯ ಅವ್ವ ಅಪ್ಪ ಕುರಿಯ ಹಿಂದೆ ಊರೂರು ತಿರುಗುತ್ತಾರೆ, ಓದು ಕೆಡಬಾರದೆಂದು ಅಜ್ಜನ ಹತ್ತಿರ ಬಿಟ್ಟಿದ್ದಾರೆ. ಅರ್ಜಿಯ ಕೊನೆಯಲ್ಲಿ ಪಾಲಕರ ಹೇಳಿಕೆಗೆ ಅಜ್ಜನೇ ಹೆಬ್ಬೆಟ್ಟು ಒತ್ತಬೇಕಿತ್ತು. ನಾನು ಶಾಯಿಯ ಪ್ಯಾಡು ಮುಂದೆ ಸರಿಸಿದೆ. ಅವನು ಕೈ ಚಾಚಲಿಲ್ಲ.

“ಮೊದಲ ಓದಿ ಹೇಳು ತಂಗೆವ್ವಾ. ಈ ಸಲ ಏನೂ ಬಿಡಬ್ಯಾಡ.”

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬಸ್ಸಿನ ವೇಳೆ ಕೇಳುವಂತೆ ಕೇಳಿದ. ನಾನು ಓದಿದೆ. ಹೆಸರು, ಕುರಿಗಳ ಸಂಖ್ಯೆ, ಆದಾಯ, ಸುಳ್ಳು ಮಾಹಿತಿ ಕೊಟ್ಟರೆ ಕ್ರಮ ಜರುಗಿಸಬಹುದು ಎಂಬ ಸಣ್ಣಕ್ಷರದ ಮಾತು, ಎಲ್ಲ. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಖರೇ ಐತಿ ಎಂದು ಅವನು ಹೆಬ್ಬೆಟ್ಟು ಒತ್ತಿದ. ನಾನು ಹುಡುಗಿಯನ್ನು ತರಗತಿಗೆ ಕಳಿಸಿದೆ.

“ನಿಮಗ ಯಾವಾಗ ಗೊತ್ತಾತು, ಕಾಕಾ?”

“ಮರುದಿನಾನ. ತಲಾಠಿ ನಮ್ಮ ಹುಡುಗೀದೂ ಅದ ನಮೂನಿ ಬರದ. ಅಕಿ ಓದಿದ್ಳು. ಬಾವಿ ಇಲ್ಲ, ನೀರಾವರಿ ಇಲ್ಲ ಅಂತ ಬಂತು. ನಿನ್ನಿ ಗೌಡ್ರ ಮನ್ಯಾಗ ಇದು ಓದಲಿಲ್ಲಲ್ಲ ಅಂದೆ. ಅಕಿಗೆ ಎಲ್ಲಾ ತಿಳೀತು.”

“ಕಾಲೇಜಿನ್ಯಾಗ ಯಾಕ ಹೇಳಲಿಲ್ಲ ಅಕಿ?”

“ಹೆಂಗ ಹೇಳ್ತಾಳ? ಹೆಬ್ಬಟ್ಟ ನಂದು. ಹೇಳಿದ್ರ ಸುಳ್ಳು ಸಾಕ್ಷಿ ಅಂತ ನಿನ್ನ ಒಯ್ತಾರಪ್ಪಾ, ಸುಮ್ಮನಿರು ಅಂದ್ಳು.”

ನಾನು ಅಳತೊಡಗಿದೆ. ಒಂದು ವಾಕ್ಯ ಬಿಟ್ಟು ನಾನು ಬರಿ ಹಣ ತೆಗೆದುಕೊಂಡಿರಲಿಲ್ಲ, ಅವಳ ಬಾಯಿಗೆ ಅವಳ ಅಪ್ಪನನ್ನೇ ಅಡ್ಡ ನಿಲ್ಲಿಸಿದ್ದೆ. ಎಲ್ಲ ಗೊತ್ತಿದ್ದೇ ಅವಳು ನನ್ನ ಕೈ ಹಿಡಿದು ಆ ಗಡಿಯಾರ ನೋಡುತ್ತಿದ್ದಳು, ರೊಟ್ಟಿ ಮುರಿದು ಕೊಡುತ್ತಿದ್ದಳು. ತಪ್ಪಾಯಿತು ಕಾಕಾ ಎಂದೆ. ಅವನು ಕಪ್ಪಾದ ಹೆಬ್ಬೆರಳನ್ನು ತಲೆಗೆ ಒರೆಸಿಕೊಂಡ.

“ನನಗ್ಯಾಕ ಹೇಳ್ತಿ? ಅಕಿ ಈಗ ಇಂಡಿ ಹತ್ರಾನ ಅದಾಳ. ಹೋಗಿ ಅಕಿ ಮುಂದ ಹೇಳು.”

ಹೋಗುತ್ತೇನೆ ಎಂದೆ. ಆ ವರ್ಷ ಹುಡುಗಿಗೆ ವಿದ್ಯಾರ್ಥಿವೇತನ ಬಂತು. ಅವಳು ಹತ್ತನೇ ತರಗತಿ ಮುಗಿಸಿ ಸಿಂದಗಿಯ ಕಾಲೇಜಿಗೂ ಸೇರಿದಳು. ಆಲಮೇಲದಿಂದ ಇಂಡಿಗೆ ದಿನಾ ಬಸ್ಸಿದೆ. ಶಾಲೆಯ ಗೇಟಿನ ಮುಂದೆಯೇ ಹಾದುಹೋಗುತ್ತದೆ. ನಾನು ಇನ್ನೂ ಹತ್ತಿಲ್ಲ.