ಬಸುರಿ ಗೋಲ್‌ಕೀಪರ್

ಹೊನ್ನಾಳಿಯ ಮಹಿಳಾ ಕಾಲೇಜಿನ ಮೈದಾನದಲ್ಲಿ ಆ ದಿನ ಮೇಘಶ್ರೀಗಾಗಿ ಒಂದು ಪ್ಲಾಸ್ಟಿಕ್ ಕುರ್ಚಿ ಕಾದಿತ್ತು. ಗೋಲ್ ಕಂಬದ ಹಿಂದೆ ಬೇವಿನ ಮರದ ನೆರಳಿಗೆ ಹಾಕಿದ್ದರು. ನ್ಯಾಮತಿಯಿಂದ ಬಸ್ಸಿಗೆ ಬಂದವಳು ಬ್ಯಾಗು ಇಳಿಸಿ ಗ್ಲೌಸು ಹುಡುಕಿದರೆ ಅವು ಜೂನಿಯರ್ ಹುಡುಗಿಯೊಬ್ಬಳ ಕೈಯಲ್ಲಿದ್ದವು. ದೈಹಿಕ ಶಿಕ್ಷಣದ ಪ್ರೇಮಲತಾ ಮೇಡಂ ಬಂದು, ಗಾಜಿನ ಸಾಮಾನು ಇಳಿಸುವಷ್ಟು ಜೋಪಾನವಾಗಿ ಅವಳನ್ನು ಕುರ್ಚಿಯಲ್ಲಿ ಕೂರಿಸಿದರು. ಹುಡುಗಿಯರೆಲ್ಲ ಸುತ್ತ ನಿಂತು ಮುಸಿಮುಸಿ ನಗುತ್ತಿದ್ದರು. ಒಬ್ಬಳು ಸಿಹಿ ಯಾವಾಗ ಎಂದು ಕೇಳಿದಳು.

"ಇನ್ನು ಡೈವು ಗೀವು ಏನೂ ಬೇಡ ಕಣಮ್ಮ. ನಿಮ್ಮ ಯಜಮಾನ್ರು ಫೋನ್ ಮಾಡಿದ್ರು. ಮೊದಲ್ನೇದು, ಹುಷಾರಾಗಿರ್ಬೇಕು" ಎಂದರು ಮೇಡಂ.

ಮೇಘಶ್ರೀಗೆ ತಾನು ಬಸುರಿಯೆಂದು ತಿಳಿದದ್ದು ಹೀಗೆ. ಹೋದ ವಾರವಷ್ಟೇ ಮುಟ್ಟಾಗಿದ್ದಳು, ಸೊಂಟ ಹಿಡಿದುಕೊಂಡೇ ರೊಟ್ಟಿ ಬಡಿದಿದ್ದಳು. ಹಾಗಾಗಿ ಈ ಬಸಿರು ಯಾವ ಬಾಯಿಂದ ಹುಟ್ಟಿತೆಂದು ಯೋಚಿಸಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಬಿಳಿಚೋಡಿನ ಹುಡುಗಿ ಅವಳು. ಪಿಯುಸಿ ಮುಗಿಸಿ ಹೊನ್ನಾಳಿಗೆ ಬಂದು ಹಾಸ್ಟೆಲ್ ಸೇರಿದ್ದೇ ಈ ಕಾಲೇಜಿನಲ್ಲಿ ಹುಡುಗಿಯರ ಫುಟ್ಬಾಲ್ ತಂಡವಿದೆ ಎಂಬ ಕಾರಣಕ್ಕೆ. ಎರಡನೇ ವರ್ಷದಲ್ಲಿ ನ್ಯಾಮತಿಯಿಂದ ಸಂಬಂಧ ಬಂತು. ಹುಡುಗ ವಿನಯ್ ಕುಮಾರ್, ಅಪ್ಪನ ಖಾನಾವಳಿಯಲ್ಲಿ ಗಲ್ಲಾದ ಮೇಲೆ ಕೂರುವವನು. ಮಾತುಕತೆಯ ದಿನ ಗಂಡಿನ ಕಡೆಯವರು ಎಲೆಅಡಿಕೆ ಹಿಡಿದು, ಹಿರಿಯರೆಲ್ಲರ ಮುಂದೆ, ಹುಡುಗಿ ಡಿಗ್ರಿ ಮುಗಿಸಲಿ, ಚೆಂಡೂ ಆಡಲಿ, ನಮ್ಮದೇನೂ ತಕರಾರಿಲ್ಲ ಎಂದಿದ್ದರು. ನಿಜವೇ, ಅವರಿಗೆ ಚೆಂಡಿನ ಮೇಲೆ ತಕರಾರಿರಲಿಲ್ಲ. ರೊಟ್ಟಿಯ ಬುಟ್ಟಿ ತುಂಬಿರಬೇಕಿತ್ತು, ಅಷ್ಟೇ.

ನ್ಯಾಮತಿ ತಾಲ್ಲೂಕಾದ ಮೇಲೆ ಕಚೇರಿಗಳು ಬಂದವು, ಕಚೇರಿಗಳ ಹಿಂದೆ ಮನೆಯೂಟ ಬಿಟ್ಟು ಬಂದ ಗುಮಾಸ್ತರು ಬಂದರು, ಅವರ ಹಿಂದೆ ಖಾನಾವಳಿಗೆ ಹೊಸ ಬೋರ್ಡು ಬಂತು. ಬೋರ್ಡಿನ ಮೇಲೆ ಮಾವ ಮುರುಗೇಶಪ್ಪನ ಹೆಸರು. ಒಲೆಯ ಮುಂದೆ ಮೊದಲು ಅತ್ತೆ ದ್ಯಾಮಮ್ಮ ಇದ್ದಳು, ಮದುವೆಯಾದ ಮರುವಾರದಿಂದ ಮೇಘಶ್ರೀ. ನಸುಕಿಗೆ ಎದ್ದು ಎಸರಿಟ್ಟು, ಜೋಳದ ಹಿಟ್ಟು ನಾದಿ, ಮಧ್ಯಾಹ್ನದ ರೊಟ್ಟಿಯಷ್ಟನ್ನೂ ಬಡಿದಿಟ್ಟು ಬಸ್ಸು ಹಿಡಿಯಬೇಕು. ಪಾಠ, ಆಟ ಮುಗಿಸಿ ಸಂಜೆ ಬಂದರೆ ಮತ್ತೆ ಅದೇ ಹಿಟ್ಟು. ನಮ್ಮ ಸೊಸೆ ಕಾಲೇಜಿಗೆ ಹೋಗ್ತಾಳೆ ಎಂದು ದ್ಯಾಮಮ್ಮ ಊರಿಗೆಲ್ಲ ಹೇಳುತ್ತಿದ್ದಳು. ಏನೇನು ಮಾಡಿಟ್ಟು ಹೋಗುತ್ತಾಳೆಂದು ಮಾತ್ರ ಹೇಳುತ್ತಿರಲಿಲ್ಲ.

ಆ ಡಿಸೆಂಬರಿನಲ್ಲಿ ಕೊಲ್ಹಾಪುರದಲ್ಲಿ ಅಖಿಲ ಭಾರತ ಮಹಿಳಾ ಕಾಲೇಜುಗಳ ಫುಟ್ಬಾಲ್ ಪಂದ್ಯಾವಳಿ. ಹೊನ್ನಾಳಿಯ ತಂಡ ಅಲ್ಲಿಗೆ ಆಯ್ಕೆಯಾದದ್ದೇ ಮೇಘಶ್ರೀ ತಡೆದ ಒಂದು ಪೆನಾಲ್ಟಿಯಿಂದ. ಹತ್ತು ದಿನ ಹೋಗಿ ಬರುತ್ತೇನೆ ಎಂದು ಅವಳು ಕೇಳಿದಾಗ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಬೇಡವೆಂದರೆ ಮಾತುಕತೆಗೆ ಬಂದ ಹಿರಿಯರು ನಾಳೆ ಕೇಳುತ್ತಾರೆ. ದ್ಯಾಮಮ್ಮ ಮಗನಿಗೆ, ತಾನಾಗೇ ನಿಲ್ಲುವ ಹಾಗೆ ಏನಾದರೂ ಮಾಡು ಎಂದದ್ದು ಮಾತ್ರ ಸೊಸೆಯ ಕಿವಿಗೆ ಬಿದ್ದಿತ್ತು. ಅದರ ಅರ್ಥ ಈಗ ಕುರ್ಚಿಯ ರೂಪದಲ್ಲಿ ಅವಳ ಕೆಳಗಿತ್ತು.

ಅವಳು ಎದ್ದು ಮೇಡಂ ಅವರನ್ನು ಸಾಮಾನು ಕೋಣೆಗೆ ಕರೆದೊಯ್ದು ಹೇಳಿದಳು. ಮೇಡಂ ಮೊದಲು ನಂಬಲಿಲ್ಲ. ಗಂಡನೇ ಹೇಳಿದ ಮೇಲೆ ಹೆಂಡತಿಯನ್ನು ಕೇಳುವುದೇನಿದೆ ಎಂದುಕೊಂಡಿದ್ದರಂತೆ. ಆಮೇಲೆ ತಾವೇ ಮೆಡಿಕಲ್ ಶಾಪಿಗೆ ಹೋಗಿ ಪರೀಕ್ಷೆಯ ಕಿಟ್ ತಂದರು. ಮೇಘಶ್ರೀ ಕಾಲೇಜಿನ ಶೌಚಾಲಯಕ್ಕೆ ಹೋಗಿ ಬಂದು ತೋರಿಸಿದಳು. ಒಂದೇ ಗೆರೆ. ಮೇಡಂ ಮುಖ ಕೆಂಪಗಾಯಿತು, ಈಗಲೇ ಅವನಿಗೆ ಫೋನ್ ಮಾಡುತ್ತೇನೆ ಎಂದರು. ಮೇಘಶ್ರೀ ಅವರ ಕೈ ಹಿಡಿದಳು.

ಫೋನ್ ಮಾಡಿದರೆ ಆಗುವುದು ಅವಳಿಗೆ ಗೊತ್ತಿತ್ತು. ತಪ್ಪು ತಿಳಿದೆ ಮೇಡಂ ಎಂದು ಅವನು ನಗುತ್ತಾನೆ. ಮರುದಿನ ಬೇರೆ ಏನಾದರೂ ಹುಟ್ಟುತ್ತದೆ, ಅತ್ತೆಗೆ ಎದೆನೋವೋ ಮಾವನಿಗೆ ಲಕ್ವವೋ. ಮೇಡಂ ಕೂಡ ಒಂದು ಮಾತು ಹೇಳಿದರು: ತಂಡದಲ್ಲಿ ನಿನ್ನ ಹೆಸರು ಇರುತ್ತದೆ, ಆದರೆ ಹೊರಡುವ ದಿನ ನಿಮ್ಮ ಮನೆಯವರು ಬಸ್ಸಿನ ಬಾಗಿಲಿಗೆ ಬಂದು ಗಲಾಟೆ ಮಾಡಿದರೆ ಉಳಿದ ಹುಡುಗಿಯರ ಅಪ್ಪಂದಿರೂ ಹೆದರುತ್ತಾರೆ. ಯಾರೂ ತಡೆಯದ ಹಾಗೆ ಬಾ.

ಯಾರೂ ತಡೆಯದ ಹಾಗೆ ಎಂಬುದನ್ನು ಮೇಘಶ್ರೀ ಬಸ್ಸಿನುದ್ದಕ್ಕೂ ಯೋಚಿಸಿದಳು. ಬೆನಕನಹಳ್ಳಿ ದಾಟುವ ಹೊತ್ತಿಗೆ ಅವಳ ಸಿಟ್ಟು ತಣ್ಣಗಾಗಿ ಗಟ್ಟಿಯಾಗಿತ್ತು. ಬಸುರಿ ಅಂದಿದ್ದಾರೆ. ಆಗಲಿ.

ಮನೆಗೆ ಬರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂಚೆ ಬಂದಿತ್ತು. ತಂಡದಲ್ಲಿದ್ದ ನ್ಯಾಮತಿಯ ಹುಡುಗಿ ತನ್ನ ತಾಯಿಗೆ ಫೋನಿನಲ್ಲಿ ಹೇಳಿ, ಆ ತಾಯಿ ಹಿಟ್ಟಿನ ಗಿರಣಿಯಲ್ಲಿ ಹೇಳಿ, ಗಿರಣಿಯಿಂದ ಮುರುಗೇಶಪ್ಪನಿಗೆ ತಲುಪಿತ್ತು. ಮಾವನಿಗೆ ಈ ಸುಳ್ಳಿನ ಬುಡ ಗೊತ್ತಿರಲಿಲ್ಲ. ಊಟಕ್ಕೆ ಕೂತ ಗುಮಾಸ್ತರಿಗೆಲ್ಲ ಪೇಡೆ ಹಂಚುತ್ತಿದ್ದ. ಸೊಸೆಯನ್ನು ಕಂಡವನೇ ಅವಳ ಬ್ಯಾಗು ಇಸಕೊಂಡು, ಇವತ್ತಿನಿಂದ ಒಲೆ ಹತ್ತಿರ ಹೋದರೆ ನನ್ನಾಣೆ ಎಂದ. ಬಾಗಿಲಲ್ಲಿ ನಿಂತಿದ್ದ ದ್ಯಾಮಮ್ಮನ ಮುಖವನ್ನು ಮೇಘಶ್ರೀ ತಣ್ಣಗೆ ನೋಡಿದಳು. ಒಳಗೆ ಎಸರು ಕುದಿಯುತ್ತಿತ್ತು.

"ಅತ್ತೆ, ನಾ ಬಗ್ಗಿ ಏಳಬಾರದಂತೆ" ಎಂದು ಹೇಳಿ ಮಂಚದ ಮೇಲೆ ಕಾಲು ಚಾಚಿದಳು.

ಮೊದಲ ಬುಟ್ಟಿ ರೊಟ್ಟಿ ಬಡಿದ ದ್ಯಾಮಮ್ಮ ಎರಡನೇ ಬುಟ್ಟಿಗೆ ಮಗನನ್ನು ಕರೆದಳು. ಹಿಟ್ಟು ನಾದುವುದಕ್ಕೆ ತಾಕತ್ತು ಸಾಲದು, ನಾಜೂಕೂ ಬೇಕು. ವಿನಯನಿಗೆ ಎರಡೂ ಇರಲಿಲ್ಲ. ಅವನು ನಾದಿದ ಹಿಟ್ಟಿನ ರೊಟ್ಟಿ ಅಂಚಿನಲ್ಲಿ ಸೀಳುತ್ತಿತ್ತು, ನಡುವೆ ಹಸಿ ಉಳಿಯುತ್ತಿತ್ತು. ದಿನಾ ಬರುವ ತಾಲ್ಲೂಕು ಕಚೇರಿಯ ಗುಮಾಸ್ತ ಮಾಲತೇಶ್, ಇದನ್ನು ಚಟ್ನಿಯಲ್ಲಿ ಅದ್ದಬೇಕೋ ಇದರಿಂದ ಕಲ್ಲು ಒಡೀಬೇಕೋ ಎಂದು ಕೇಳಿದ. ಮುರುಗೇಶಪ್ಪ ಹೆಮ್ಮೆಯಿಂದ, ಸೊಸೆ ಬಸುರಿ ಕಣಪ್ಪ, ಅನುಸರಿಸ್ಕೊಂಡು ಹೋಗ್ರಿ ಎಂದ.

ಮೇಘಶ್ರೀಗೆ ಬಯಕೆಗಳು ಶುರುವಾದವು. ಒಂದು ದಿನ ಎಣ್ಣೆಗಾಯಿ ಸಪ್ಪೆ ಅನ್ನಿಸಿತು, ಇನ್ನೊಂದು ದಿನ ಕಾಯಿ ಹೋಳಿಗೆಯೇ ಬೇಕೆನ್ನಿಸಿತು. ಬಸವಾಪಟ್ಟಣದ ಒಂದು ಅಂಗಡಿಯ ಮಿರ್ಚಿಯ ವಾಸನೆ ಮೂಗಿಗೆ ಬಂದಂತಾಗುತ್ತದೆ ಎಂದಳು. ಮಾವ ಮಗನನ್ನು ಬೈಕಿನಲ್ಲಿ ಓಡಿಸಿದ. ತಣ್ಣಗಾದ ಮಿರ್ಚಿ ತಂದ ಗಂಡನ ಮುಂದೆ ಒಂದನ್ನು ಅರ್ಧ ಕಚ್ಚಿ, ವಾಕರಿಕೆ ಬರುತ್ತದೆ ಎಂದು ತಟ್ಟೆ ಸರಿಸಿದಳು. ಪಾತ್ರೆ ತೊಳೆದು ಅವನ ಉಗುರಿನ ಸಂದಿಗೆಲ್ಲ ಬೂದಿ ಕೂತಿತ್ತು. ಅದನ್ನು ನೋಡಿದಷ್ಟೂ ಅವಳಿಗೆ ಹಸಿವು ಹೆಚ್ಚುತ್ತಿತ್ತು.

ಮೂರನೆಯ ದಿನ ವಿನಯ್ ಕೋಣೆಯ ಬಾಗಿಲು ಹಾಕಿಕೊಂಡು, ಸಾಕು ಮಾಡು, ಅಪ್ಪನಿಗೆ ಇಲ್ಲ ಅಂತ ಹೇಳಿಬಿಡು ಎಂದು ಬೇಡಿಕೊಂಡ.

"ನಾ ಎಲ್ಲಿ ಐತೆ ಅಂದಿದ್ದೆ, ಇಲ್ಲ ಅನ್ನಾಕೆ? ಹೇಳಿದ್ದು ನೀವು. ನೀವೇ ಹೋಗಿ ಹೇಳ್ರಿ."

ಅವನು, ಹಾಗಾದರೆ ನಿಜವೇ ಮಾಡಿಬಿಡೋಣ ಎಂದು ಹತ್ತಿರ ಸರಿದ. ಮೂರು ತಿಂಗಳು ತುಂಬುವ ತನಕ ಗಂಡ ಹತ್ತಿರ ಬರಬಾರದಂತೆ ಎಂದು ಅವಳು ದಿಂಬು ಎತ್ತಿಕೊಂಡು ಎದ್ದಳು. ಅವತ್ತಿನಿಂದ ಅತ್ತೆಯ ಪಕ್ಕದಲ್ಲೇ ಮಲಗಿದಳು. ಇಡೀ ದಿನ ರೊಟ್ಟಿ ಬಡಿದ ದ್ಯಾಮಮ್ಮ ರಟ್ಟೆ ನೋವಿಗೆ ನರಳುವುದು ಅಲ್ಲಿಗೆ ಚೆನ್ನಾಗಿ ಕೇಳುತ್ತಿತ್ತು.

ಮಾವನನ್ನು ಕಂಡಾಗ ಮಾತ್ರ ಮನಸ್ಸು ಒಂದಿಷ್ಟು ಅಳುಕುತ್ತಿತ್ತು. ಅವನು ಅವಳ ಊಟದ ತಟ್ಟೆಯನ್ನು ತಾನೇ ತಂದು ಇಡುತ್ತಿದ್ದ, ಕುಡಿಯುವ ನೀರನ್ನು ಕಾಸಿ ಆರಿಸುತ್ತಿದ್ದ. ಈ ಮುದುಕನಿಗೆ ಮಾತ್ರ ನೋವಾಗದ ಹಾಗೆ ಮುಗಿಸಬೇಕು ಅಂದುಕೊಂಡಿದ್ದಳು.

ಒಂದು ಮಧ್ಯಾಹ್ನ ತಾಯಿ ಮಗ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಮಾತಾಡುವುದು ಕಿಟಕಿಯಿಂದ ಕೇಳಿತು. ಪಂದ್ಯಾವಳಿ ಮುಗಿಯುವ ತನಕ ತಡಿ, ಆಮೇಲೆ ಬಸಿರು ಇಳೀತು ಅಂತ ಹೇಳೋಣ ಎನ್ನುತ್ತಿದ್ದಳು ದ್ಯಾಮಮ್ಮ. ಇಷ್ಟು ದಿನ ಚೆಂಡಿಗೆ ಹಾರಿದ್ದಕ್ಕೇ ಇಳೀತು ಅಂದರೆ ಕಾಲೇಜೂ ತಾನಾಗೇ ನಿಲ್ಲುತ್ತದೆ, ಊರವರೇ ಬೈದು ಮನೇಲಿ ಕೂರಿಸ್ತಾರೆ.

ಮೇಘಶ್ರೀ ಮಂಚದ ಮೇಲೆ ಎದ್ದು ಕೂತಳು. ಇಲ್ಲಿಯವರೆಗೆ ಅವಳಿಗೆ ಬೇಕಿದ್ದದ್ದು ಕೊಲ್ಹಾಪುರಕ್ಕೆ ಹೋಗುವ ದಾರಿ, ದಾರಿಯಲ್ಲಿ ಇವರ ರಟ್ಟೆ ಒಂದಿಷ್ಟು ನೋಯಲಿ ಎಂಬ ಆಸೆ. ಈಗ ಅದು ಸಾಲದಾಯಿತು. ಕದ್ದು ಹೋಗಿ ಆಡಿ ಬಂದರೆ, ಬಂದ ದಿನವೇ ಇಲ್ಲದ ಕೂಸನ್ನು ಕೊಂದವಳಾಗುತ್ತಾಳೆ. ಆಡುವುದನ್ನು ಊರು ನೋಡಬೇಕು. ಇವರು ಬಾಯಿ ತೆರೆಯುವ ಮೊದಲೇ ನೋಡಬೇಕು, ಕೂಸೆಲ್ಲಿ ಎಂದು ಕೇಳಿದವರಿಗೆ ನಿಜವನ್ನು ತಾನೇ ಹೇಳಬೇಕು.

ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಕೊಟ್ರಮ್ಮ ಮೊದಲು ಹೆದರಿದಳು, ಸಂಸಾರ ಮುರಿದೀತು ಎಂದಳು. ಕೊನೆಗೆ ಬಂದದ್ದು ಸುಮ್ಮನೆ ಅಲ್ಲ, ಕಳ್ಳ ಕುಬುಸ ತೆಗೆದುಕೊಂಡೇ ಬಂದಳು. ಮೂರನೇ ತಿಂಗಳಿಗೆ ತವರಿನವರು ಗದ್ದಲವಿಲ್ಲದೆ ತಂದು ಉಡಿ ತುಂಬುವ ಹಸಿರು ಸೀರೆ, ಹಸಿರು ಬಳೆ, ಐದು ಬಗೆಯ ಬುತ್ತಿ. ಉಡಿ ತುಂಬಿದ ಮೇಲೆ ಹತ್ತು ದಿನ ತವರಿಗೆ ಕರೆದೊಯ್ಯುವುದು ಪದ್ಧತಿ ಎಂದಳು. ಮುರುಗೇಶಪ್ಪ ಕಾರು ಮಾಡಿಸಿದ. ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಳ್ಳೆಯದೇ ಆಯಿತು, ಅಷ್ಟರಲ್ಲಿ ಪಂದ್ಯಾವಳಿ ಮುಗಿಯುತ್ತದೆ ಎಂದುಕೊಂಡರು.

ಕೋಣೆಯಲ್ಲಿ ಮಗಳ ಕೈಗೆ ಬಳೆ ಇಡುತ್ತ ಕೊಟ್ರಮ್ಮ ದನಿ ತಗ್ಗಿಸಿ ಹೇಳಿದಳು: "ನಾ ಐದು ಬಸಿರು ಹೊತ್ತೆ. ಒಂದ್ರಾಗೂ ಒಂದಿನ ಕೂತು ಉಣ್ಣಲಿಲ್ಲ. ನೀ ಬಸಿರಿಲ್ದೇ ಉಣ್ಣಾಕತ್ತಿಯಲ್ಲ, ಉಣ್ಣು. ನನ್ನ ಪಾಲಿಂದೂ ಉಣ್ಣು."

ಎರಡು ದಿನ ಬಿಳಿಚೋಡಿನಲ್ಲಿದ್ದು, ಬಳೆ ಕಳಚಿಟ್ಟು, ಮೇಘಶ್ರೀ ಕೊಲ್ಹಾಪುರಕ್ಕೆ ಹೊರಟ ತಂಡವನ್ನು ದಾವಣಗೆರೆಯಲ್ಲಿ ಕೂಡಿಕೊಂಡಳು. ವಿನಯ್ ಫೋನ್ ಮಾಡಿದಾಗಲೆಲ್ಲ ಕೊಟ್ರಮ್ಮ, ಮಲಗ್ಯಾಳೆ ಎನ್ನುತ್ತಿದ್ದಳು.

ಪಂದ್ಯಗಳು ಯೂಟ್ಯೂಬಿನಲ್ಲಿ ನೇರ ಬರುತ್ತಿದ್ದವು. ಮೊದಲೆರಡು ಪಂದ್ಯ ಬೆಳಿಗ್ಗೆ ಇದ್ದವು, ಅವಳು ಯಾರಿಗೂ ಹೇಳಲಿಲ್ಲ, ಊರಿಗೆ ಸುದ್ದಿ ಮುಟ್ಟಿಸಬೇಡ ಎಂದು ನ್ಯಾಮತಿಯ ಹುಡುಗಿಯಿಂದಲೂ ಮಾತು ತೆಗೆದುಕೊಂಡಿದ್ದಳು. ಕ್ವಾರ್ಟರ್ ಫೈನಲ್ ಬಿದ್ದದ್ದು ಮಧ್ಯಾಹ್ನ, ಖಾನಾವಳಿ ತುಂಬುವ ಹೊತ್ತಿಗೆ. ಮಾಲತೇಶನ ಫೋನಿಗೆ ಲಿಂಕ್ ಕಳಿಸಿ, ಅಣ್ಣಾ, ಇವತ್ತು ಊಟದ ಹೊತ್ತಿಗೆ ಖಾನಾವಳಿಯ ಟಿವಿಯಲ್ಲಿ ಇದನ್ನು ಹಾಕ್ರಿ, ಎಲ್ಲರೂ ನೋಡ್ರಿ ಎಂದು ಬರೆದಳು. ಆಮೇಲೆ ಗ್ಲೌಸು ಬಿಗಿದುಕೊಂಡು ಮೈದಾನಕ್ಕಿಳಿದಳು.

ಕ್ಯಾಮೆರಾ ಎಲ್ಲಿದೆ ಎಂದು ಮೊದಲೇ ನೋಡಿಕೊಂಡಿದ್ದಳು. ಚೆಂಡು ಬಂದಾಗಲೆಲ್ಲ ಅದಕ್ಕೆ ಕಾಣುವಂತೆ ನೆಲಕ್ಕೆ ಬಿದ್ದಳು, ನಿಂತೇ ಹಿಡಿಯಬಹುದಾದ ಚೆಂಡಿಗೂ ಬಿದ್ದಳು. ಹೊಟ್ಟೆ ನೆಲಕ್ಕೆ ಅಪ್ಪಳಿಸಿದಾಗ, ನೋಡ್ರಿ ಎಂದು ಹಲ್ಲು ಕಚ್ಚಿದಳು. ಹಾಗೆ ಬೇಡದ ಕಡೆ ಬಿದ್ದಾಗಲೇ ಒಮ್ಮೆ ಚೆಂಡು ಅವಳ ಕೈ ಜಾರಿ, ಕಂಬಕ್ಕೆ ಬಡಿದು ಹೊರಗೆ ಹೋಯಿತು. ಅರ್ಧ ವಿರಾಮದಲ್ಲಿ ಪ್ರೇಮಲತಾ ಮೇಡಂ ಅವಳನ್ನು ಒಬ್ಬಳನ್ನೇ ಕರೆದು, ನಿನ್ನ ಸಿಟ್ಟಿಗೆ ಉಳಿದ ಹತ್ತು ಹುಡುಗಿಯರು ಸೋಲಬೇಕಾ ಎಂದು ಕೇಳಿದರು. ಅವಳಿಗೆ ನಾಚಿಕೆಯಾಯಿತು. ಎರಡನೇ ಅವಧಿಯಲ್ಲಿ ಕ್ಯಾಮೆರಾದ ಕಡೆ ನೋಡಲಿಲ್ಲ. ಆಗ ಬಂದ ಚೆಂಡುಗಳು ಬೇರೆಯೇ ಇದ್ದವು, ಪ್ರತಿಯೊಂದಕ್ಕೂ ನಿಜವಾಗಿ ಹಾರಬೇಕಾಯಿತು. ಕೊನೆಗೆ ಹೊನ್ನಾಳಿಯವರು ಒಂದು ಗೋಲಿನಿಂದ ಗೆದ್ದರು. ಮೇಘಶ್ರೀಯ ಎರಡೂ ಮೊಣಕೈ ತರಚಿಹೋಗಿದ್ದವು.

ಶೂಸಿನ ದಾರ ಬಿಚ್ಚುವಷ್ಟರಲ್ಲಿ ಫೋನ್ ಬಂತು. ಮಾವನದು. ಹಿಂದೆ ಖಾನಾವಳಿಯ ಗದ್ದಲ ಕೇಳುತ್ತಿತ್ತು.

"ಟಿವಿಯಾಗೆ ಬಿದ್ದಾಕೆ ನೀನೇನವ್ವ?"

"ಹೂಂ ಮಾವ, ನಾನೇ."

"ಹೊಟ್ಟೆ ಮ್ಯಾಲೆ ಬಿದ್ದೆಲ್ಲ. ಕೂಸು?"

"ಕೂಸು ಇಲ್ಲ ಮಾವ. ಯಾವತ್ತೂ ಇರ್ಲಿಲ್ಲ. ನಾ ಇಲ್ಲಿಗೆ ಬರಬಾರ್ದು ಅಂತ ನಿಮ್ಮ ಮಗ ನಮ್ಮ ಮೇಡಂಗೆ ಸುಳ್ಳು ಹೇಳಿದ್ರು. ಹೇಳಿಕೊಟ್ಟಿದ್ದು ಅತ್ತೆ. ಬೇಕಾದ್ರೆ ಊಟಕ್ಕೆ ಕೂತವರ ಮುಂದೇನೇ ಕೇಳ್ರಿ."

ಮುದುಕ ಅಳುತ್ತಾನೋ, ಬೈಯುತ್ತಾನೋ ಎಂದು ಮೇಘಶ್ರೀ ಕಾದಳು. ಬೈದರೆ ಬೈಸಿಕೊಳ್ಳಲು ಸಿದ್ಧವಿದ್ದಳು.

"ಅಂದ್ರೆ ನಿನ್ನ ಮೈ ನೆಟ್ಟಗೈತೆ" ಎಂದ ಮುರುಗೇಶಪ್ಪ.

"ಐತೆ ಮಾವ."

"ಮತ್ತೆ ಯಾವಾಗ ಬರ್ತೀಯ? ಇಲ್ಲಿ ರೊಟ್ಟಿಗೆ ಭಾಳ ತೊಂದ್ರೆ ಆಗೈತೆ."

ಕಾಸಿ ಆರಿಸಿದ ನೀರು, ತಂದಿಟ್ಟ ತಟ್ಟೆ, ನನ್ನಾಣೆ ಎಂದ ದನಿ, ಯಾವುದೂ ತನಗಾಗಿ ಇರಲಿಲ್ಲ ಎಂದು ಮೇಘಶ್ರೀಗೆ ಆ ಕ್ಷಣಕ್ಕೆ ತಿಳಿಯಿತು. ಅವನೊಬ್ಬನಿಗಾಗಿ ಎತ್ತಿಟ್ಟುಕೊಂಡಿದ್ದ ಮರುಕವೂ ಅಲ್ಲಿಗೆ ಮುಗಿಯಿತು. ಮುಗಿದದ್ದೇ ಮೈ ಹಗುರಾಯಿತು.

"ನಾಳೆ ಸೆಮಿಫೈನಲ್ ಐತೆ ಮಾವ. ಗೆದ್ರೆ ಫೈನಲ್. ಸೋತ್ರೆ ಬಿಳಿಚೋಡಿಗೆ ಹೋಗ್ತೀನಿ, ಅಲ್ಲಿಂದ ಮತ್ತೆ ಕಾಲೇಜ್ ಹಾಸ್ಟೆಲ್ಲಿಗೆ. ಮೂರು ಜನ ಇದ್ದೀರಿ, ಆರು ಕೈ ಅದಾವೆ. ಬಡೀರಿ."

ಮುರುಗೇಶಪ್ಪ ಫೋನನ್ನು ಹಾಗೇ ಮೇಜಿನ ಮೇಲೆ ಇಟ್ಟನೆಂದು ಕಾಣುತ್ತದೆ. ಅವನು ಮಗನ ಹೆಸರು ಕೂಗುವುದು ಕೇಳಿತು. ಮಾಲತೇಶ್ ಏನೋ ಕೇಳಿದ, ನಾಲ್ಕಾರು ಜನ ಒಟ್ಟಿಗೆ ನಕ್ಕರು. ದ್ಯಾಮಮ್ಮನ ದನಿ ಏರಿತು, ನಡುವೆಯೇ ಮುರಿಯಿತು. ಯಾವುದೋ ಪಾತ್ರೆ ನೆಲಕ್ಕೆ ಬಿದ್ದು ಉರುಳುತ್ತ ಹೋಯಿತು. ಅಷ್ಟು ದೊಡ್ಡ ಸದ್ದಾಗಬೇಕಾದರೆ ಹಿಟ್ಟು ನಾದುವ ಪರಾತವೇ ಇರಬೇಕು.

ಹುಡುಗಿಯರು ಊಟಕ್ಕೆ ಬಾರೆ ಎಂದು ಕರೆಯುತ್ತಿದ್ದರು. ಬಂದೆ ಎಂದು ಕೈ ಸನ್ನೆ ಮಾಡಿ ಮೇಘಶ್ರೀ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.