ಗಜನಿ ಮಣ್ಣಿನ ಬಚ್ಚಲೊಲೆ

ನಮ್ಮ ಕರಾವಳಿಯ ಚಳಿಯನ್ನು ಘಟ್ಟದ ಮೇಲಿನವರು ಚಳಿಯೆಂದೇ ಒಪ್ಪುವುದಿಲ್ಲ. ಆದರೂ ಮಳೆ ಹಿಂದೆಗೆದು, ಬೆಳಗಿನ ಗಾಳಿ ಗುಡ್ಡದ ಕಡೆಯಿಂದ ಬೀಸತೊಡಗಿತೆಂದರೆ, ಕುಮಟಾ ತಾಲ್ಲೂಕಿನ ನಮ್ಮ ಊರಿನಲ್ಲಿ ಬಚ್ಚಲೊಲೆಯನ್ನು ಸಜ್ಜುಗೊಳಿಸುವ ಕೆಲಸ ಆರಂಭವಾಗುತ್ತಿತ್ತು. ತೇವಕ್ಕೆ ಸಡಿಲಗೊಂಡ ಒಲೆಯ ಮಣ್ಣನ್ನು ಕೆದರಿ ತೆಗೆದು, ಹೊಸ ಮಣ್ಣು ಮೆತ್ತಿ, ಹುಣಸೆಹಣ್ಣಿನಿಂದ ತಿಕ್ಕಿದ ತಾಮ್ರದ ಹಂಡೆಯನ್ನು ಕೂರಿಸಿ, ನೀರು ತುಂಬುವ ಹಬ್ಬದ ಸಂಜೆ ಅದರ ಕೊರಳಿಗೆ ಹಿಂಡ್ಲೆಕಾಯಿಯೆಂಬ ಕಹಿ ಕಾಡುಕಾಯಿಯ ಬಳ್ಳಿ ಸುತ್ತುವುದು ಪದ್ಧತಿ. ಅಲ್ಲಿಂದ ಶಿವರಾತ್ರಿಯವರೆಗೆ ಮನೆಯ ಬಿಸುಪೆಲ್ಲ ಆ ಒಲೆಯದೇ. ತೆಂಗಿನ ಸಿಪ್ಪೆಯ ಕೆಂಡಕ್ಕೆ ಬೆನ್ನು ಕೊಟ್ಟು, ಬೂದಿಯಲ್ಲಿ ಹೂತಿಟ್ಟ ಗೆಣಸಿಗಾಗಿ ನಾವು ಮಕ್ಕಳು ಕಾದು ಕೂರುತ್ತಿದ್ದೆವು.

ಆ ಒಲೆ ಕೊನೆಯ ಬಾರಿ ಉರಿದದ್ದು ಅಮ್ಮ ತೀರುವ ಮುಂಚಿನ ಚಳಿಗಾಲದಲ್ಲಿ ಎಂದು ಬಹುಕಾಲ ನಂಬಿದ್ದೆ. ಅಕ್ಕ ಒಪ್ಪಲಿಲ್ಲ. ಸೂತಕದ ವರ್ಷ ಕಳೆದ ಮೇಲೂ ಒಮ್ಮೆ ಹಂಡೆ ತುಂಬಿದ್ದೆವು, ಆ ಸಲ ಹಬ್ಬ ಬಹಳ ತಡವಾಗಿ ಬಂದಿತ್ತು ಎಂಬುದು ಅವಳ ವಾದ. ಹಳೆಯ ಪಂಚಾಂಗಗಳನ್ನು ತೆಗೆದು ನೋಡಿದೆ. ಅದು ಅಧಿಕ ಮಾಸ ಬಿದ್ದ ವರ್ಷ. ಅಕ್ಕನ ನೆನಪೇ ಸರಿ. ಬಳಿಕ ಗೀಸರ್ ಬಂತು, ಹಂಡೆ ಅಟ್ಟ ಸೇರಿತು.

ಅದನ್ನು ಮತ್ತೆ ಇಳಿಸಿದ್ದು ಇತ್ತೀಚೆಗೆ, ಭಟ್ಕಳದಲ್ಲಿ ಶಿಕ್ಷಕಿಯಾಗಿರುವ ನನ್ನ ಮಗಳು ಹೆರಿಗೆಗೆ ಬಂದಾಗ. ಅವಳಿಗೆ ತಾಯಿಯಿಲ್ಲ. ಬಾಣಂತನ ಮಾಡಲು ಅಕ್ಕ ಗಂಡನ ಊರಾದ ಮಂಕಿಯಿಂದ ಭಾವನನ್ನೂ ಕರೆದುಕೊಂಡು ಬಂದಳು. ಬಂದವಳೇ, "ಇವ್ಳ ಅಮ್ಮನ ಬೆನ್ನಿಗೂ ನಾನೇ ನೀರು ಹೊಯ್ದವ್ಳು. ಹಂಡೆ ನೀರಿಲ್ದೆ ಎಂತಾ ಬಾಣಂತನ? ಒಲೆ ಆಗ್ದಿದ್ರೆ ನಂಗೆ ಇಲ್ಲಿ ಎಂತ ಕೆಲ್ಸ, ನಾ ಮಂಕಿಗೆ ಹೋಗ್ತೆ" ಎಂದು ಸಾರಿಬಿಟ್ಟಳು. ಹೆರಿಗೆಯಾಗಿ ಆಸ್ಪತ್ರೆಯಲ್ಲಿದ್ದ ಮಗಳಿಗೆ ಈ ವಿಷಯ ತಿಳಿಸಿದರೆ ಅವಳು ನಕ್ಕಳು. "ಗೀಸರ್ ಸಾಕು ಅಪ್ಪಾ. ಅತ್ತೆಗೆ ಈ ವಯಸ್ಸಲ್ಲಿ ಹೊಗೆ ಯಾಕೆ?"

ನಾನು ಆಸ್ಪತ್ರೆಯಲ್ಲಿದ್ದ ದಿನಗಳಲ್ಲೇ ಭಾವ ಒಲೆ ಕಟ್ಟಿ ಮುಗಿಸಿದ್ದರು. ಮಣ್ಣು ಸಿಕ್ಕಿದ್ದು ಮನೆಯ ಕೆಳಗಿನ ಗಜನಿಯಲ್ಲಿ. ಸಮುದ್ರದ ಭರತಕ್ಕೆ ಅಘನಾಶಿನಿ ಹೊಳೆಯ ಉಪ್ಪುನೀರು ಏರಿ ಬರುವ ಗದ್ದೆಗಳಿಗೆ ನಮ್ಮಲ್ಲಿ ಆ ಹೆಸರು. "ಮಣ್ಣು ಅಂದ್ರೆ ಮಣ್ಣು ಮಾರಾಯ, ಬೆಣ್ಣೆ ಇದ್ದಂಗೆ!" ಎಂದು ಅವರು ಒಲೆಯ ನುಣುಪನ್ನು ನನಗೆ ಮುಟ್ಟಿ ತೋರಿಸಿದರು. ಅದರ ಮೈಮೇಲೆ ಆಗಲೇ ತೆಳುವಾದ ಬಿಳಿ ಪೊರೆ ಎದ್ದಿತ್ತು. ಅಕ್ಕ ಅದನ್ನು ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿಕೊಂಡಳು.

"ಒಲೆ ಕಟ್ಟಿದ್ರಾ, ಬಂಗ್ಡೆ ಉಪ್ಪಿಗೆ ಹಾಕಿದ್ರಾ?"

"ನಮ್ಮ ಮಂಕಿಲಿ ಹೊಳೆದಂಡೆ ಮಣ್ಣೇ ತರೂದಲ್ವನೇ?" ಎಂದರು ಭಾವ.

"ಅದು ಸಿಹಿನೀರಿನ ಹೊಳೆ. ಇದು ಸಮುದ್ರದ ತಂಗಿ!"

ಆದರೂ ಪರೀಕ್ಷೆಗೆಂದು ಬೆಂಕಿ ಹಾಕಿದೆವು. ನೀರು ಬೆಚ್ಚಗಾಗುವ ಮೊದಲೇ ಒಲೆಯ ಮೈ ಚಟಚಟನೆ ಸಿಡಿದು, ಹೆಂಚಿನಷ್ಟು ದೊಡ್ಡ ಚಕ್ಕೆಗಳು ಕಳಚಿ ಬಿದ್ದು, ಹಂಡೆ ಒಂದು ಬದಿಗೆ ವಾಲಿತು. ಮಗಳು ಮರುದಿನವೇ ಮನೆಗೆ ಬರುವವಳು. ಹೊಸ ಮಣ್ಣು ತಂದು ಮೆತ್ತಿದರೂ ಅದು ಒಣಗುವ ಮಾತಿಲ್ಲ. ಅಕ್ಕ ಬಯ್ಯಲಿಲ್ಲ. ಒಳಗೆ ಹೋಗಿ ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬತೊಡಗಿದಳು. ಅದಕ್ಕೆ ಭಾವ ಬೆದರಿದಷ್ಟು ಅವಳ ಬೈಗಳಿಗೆ ಎಂದೂ ಬೆದರಿದ್ದಿಲ್ಲ.

ಬೆಳಗ್ಗೆ ಅವರು ಉಳಿದ ಮಣ್ಣನ್ನೆಲ್ಲ ಹೊರಗೆ ಎಸೆದು, ಕೆಂಪು ಚಿರೆಕಲ್ಲುಗಳನ್ನು ಮಣ್ಣಿಲ್ಲದೆಯೇ ಒಂದಕ್ಕೊಂದು ಆತು ನಿಲ್ಲುವಂತೆ ಜೋಡಿಸಿದರು. ಹಂಡೆ ಕೂತಿತು. ಬೆಂಕಿ ಹಾಕಿದ್ದೇ ಸಂದುಗಳಿಂದ ಹೊಗೆ ಎಲ್ಲ ಕಡೆಗೂ ನುಗ್ಗಿತು. ಆ ವಾಸನೆಗೆ ನನಗೆ ಅಮ್ಮನ ಒದ್ದೆ ಸೆರಗು ನೆನಪಾಯಿತು. ಅಕ್ಕ ಮಾತ್ರ ತಿರುಗಿ ನೋಡಲಿಲ್ಲ. ಮಗಳು ಬಂದು ಪಕ್ಕದ ಹೊಸ ಸ್ನಾನದ ಕೋಣೆಯಲ್ಲಿ ಕೂತಾಗ ಗೀಸರಿನ ನಲ್ಲಿಯನ್ನೇ ತಿರುಗಿಸಿಕೊಟ್ಟು, ಅವಳ ಬೆನ್ನಿಗೆ ಎಣ್ಣೆ ತಿಕ್ಕಿದಳು.

ಬಾಣಂತಿಯ ನೀರೆಂದರೆ ಚೊಂಬಿನ ಮೇಲೆ ಚೊಂಬು, ಸೊಂಟದ ಬಿಗಿ ಬಿಡುವವರೆಗೆ. ಎಣ್ಣೆ ಇಳಿಯುವ ಮೊದಲೇ ನಲ್ಲಿಯ ನೀರು ತಣ್ಣಗಾಯಿತು. ಬಾಗಿಲಾಚೆಯಿಂದ ಮಗಳ ಉದ್ಗಾರ ಕೇಳಿಸಿತು: "ಅಯ್ಯೋ ಅತ್ತೇ, ಚಳಿ! ಆ ಹಂಡೆಯದೇ ತನ್ನಿ, ಬೇಗ!"

ಭಾವ ಬಕೆಟ್ಟಿನಲ್ಲಿ ತೋಡಿ ತೋಡಿ ಬಾಗಿಲ ಬಳಿ ಇಟ್ಟರು. ಒಳಗೆ ಬಹಳ ಹೊತ್ತು ನೀರು ಬೀಳುವ ಸದ್ದು ಮಾತ್ರ ಇತ್ತು. ಆಮೇಲೆ ಮಗಳು, "ಅಲ್ಲೇ, ಅತ್ತೆ... ಇನ್ನೊಂದು ಚೊಂಬು" ಎಂದಳು.

ಅಕ್ಕ ಹೊರಬಂದಾಗ ಹೊಗೆಗೆ ಅವಳ ಕಣ್ಣುಗಳು ಕೆಂಪಾಗಿದ್ದವು. ಗಂಡನ ಮುಖ ನೋಡದೆಯೇ ಹೇಳಿದಳು: "ನಾಳೆ ಬೆಳಕಾಗೂ ಮುಂಚೆ ಬೆಂಕಿ ಹಾಕ್ಬೇಕು. ಸಿಪ್ಪೆ ಇಬ್ಬನಿಗೆ ಒದ್ದೆ ಆತದೆ, ಒಳಗೆ ತಂದಿಡಿ."

"ಆತು" ಎಂದು ಭಾವ ಆಗಲೇ ಅಂಗಳಕ್ಕೆ ಇಳಿದಿದ್ದರು.